ಹದಿನಾರು ಮಾರು ನೀರಿನ ಸುಳ್ಳು

ಕಡಲಿನ ತಳದಲ್ಲಿ ಒಂದು ನೂಲು ಹಾಸಿ, ಅದರ ತುದಿಯನ್ನು ದಡದಲ್ಲಿ ಹಿಡಿದು ಕುಳಿತರೆ ಏನೇನು ತಿಳಿದೀತು? ದೂರದ ಊರಿನಲ್ಲಿ ಓದಿದವರೊಬ್ಬರಿಗೆ ಈ ಪ್ರಶ್ನೆ ಬಂತಂತೆ. ಅವರು ನೂಲು ಹಾಸಿದರು. ಎಲ್ಲಿ ನೆಲ ನಡುಗಿದರೂ ಅವರಿಗೆ ತಿಳಿಯತೊಡಗಿತು. ಆದರೆ ಅವರ ಕಣ್ಣು ತಪ್ಪಿಸಲು ನಮ್ಮ ಹಳೆಬೆಂಗ್ರೆಯ ಗಂಡಸರು ಏನು ಮಾಡುತ್ತಿದ್ದಾರೆ ಎಂಬುದು ಅವರಿಗೆ ತಿಳಿದಿರಲಿಲ್ಲ. ನನಗೆ ತಿಳಿದಿತ್ತು. ನನ್ನ ಮಗ ನಿಜವಾಗಿ ಎಲ್ಲಿಗೆ ಹೋಗುತ್ತಾನೆಂದು ತಿಳಿದೂ ಒಂಬತ್ತು ದಿನ ಸುಮ್ಮನಿದ್ದೆ.

ನಮ್ಮ ಊರು ಅಂದರೆ ಒಂದು ಮರಳಿನ ಪಟ್ಟಿ. ಪಡುವಕ್ಕೆ ಕಡಲು, ಮೂಡಕ್ಕೆ ಹೊಳೆ, ನಡುವೆ ನೂರಾ ಎಂಬತ್ತು ಮನೆ. ಬಡಗು ತುದಿಯಲ್ಲಿ ಹೊಳೆ ಕಡಲಿಗೆ ಸೇರುವ ಅಳಿವೆ. ಹೊಳೆ ದಾಟಿದರೆ ಹೊನ್ನೆಗುಡ್ಡ, ಅದರ ಮೇಲೆ ಕಡಲ ಕಾವಲು ಕೇಂದ್ರ. ಕೇಂದ್ರದ ಆರು ಜನರಿಗೆ ಮಧ್ಯಾಹ್ನದ ಊಟ ಮಾಡಿ ಬಡಿಸುವುದು ನನ್ನ ಕೆಲಸ. ಅದಕ್ಕೂ ಮೊದಲು ನಲವತ್ತು ವರ್ಷ ಬುಟ್ಟಿ ಹೊತ್ತು ಮೀನು ಮಾರಿದವಳು ನಾನು. ಮೂಕಾಂಬು ಎಂದರೆ ಸೇತುವೆಯ ಆಚೆಯವರಿಗೂ ಗೊತ್ತು.

ನೂಲಿನ ವಿಚಾರ ನನಗೆ ಬಿಡಿಸಿ ಹೇಳಿದವನು ಕೇಂದ್ರದ ಈರಣ್ಣ ಹಡಪದ. ಗದಗದ ಕಡೆಯ ರೋಣದವನು. ಇಪ್ಪತ್ತಾರನೆಯ ವರ್ಷದವರೆಗೆ ಕಡಲು ನೋಡಿದವನಲ್ಲ, ಮೀನು ತಿನ್ನುವವನಲ್ಲ. ಅವನಿಗೆಂದು ಬೇರೆ ಪಾತ್ರೆಯಲ್ಲಿ ಬೇಳೆ ಸಾರು ಮಾಡುತ್ತಿದ್ದೆ. ಬಟ್ಟೆ ಒಣಗಿಸುವ ಹಗ್ಗದ ಆ ತುದಿಯಲ್ಲಿ ಕಾಗೆ ಕುಳಿತರೆ ಈ ತುದಿ ಹಿಡಿದವರ ಕೈಗೆ ತಿಳಿಯುತ್ತದಲ್ಲ, ಹಾಗೆಯೇ ಇದು ಎಂದ. ಹಗ್ಗದ ಬದಲು ಗಾಜಿನ ನೂಲು, ಕೈಯ ಬದಲು ಬೆಳಕು. ನೂಲಿನೊಳಗೆ ಬೆಳಕು ಓಡುತ್ತಲೇ ಇರುತ್ತದೆ. ತಳ ಕೂದಲೆಳೆಯಷ್ಟು ಕದಲಿದರೂ ತಿರುಗಿ ಬರುವ ಬೆಳಕಿನಲ್ಲಿ ವ್ಯತ್ಯಾಸ ಕಾಣುತ್ತದೆ. ಯಂತ್ರ ಅದನ್ನು ಓದಿ, ನೆಲ ಎಲ್ಲಿ ನಡುಗಿತು, ನೀರು ಎಷ್ಟು ಎದ್ದಿತು, ಯಾವ ಊರಿಗೆ ಎಷ್ಟು ಹೊತ್ತಿಗೆ ಬರುತ್ತದೆ ಎಂದು ಹೇಳುತ್ತದೆ.

ಅದನ್ನು ನಮಗೆ ತಲುಪಿಸಲು ಮನೆಗೊಂದು, ದೋಣಿಗೊಂದು ಬಿಲ್ಲೆ ಕೊಟ್ಟಿದ್ದರು. ಅಂಗೈ ಅಗಲದ್ದು, ನಮ್ಮದೇ ಕುಂದಾಪುರದ ಮಾತಿನಲ್ಲಿ ಹೇಳುತ್ತದೆ. ಊರಿಗೆಲ್ಲ ಒಂದೇ ಸೈರನ್ ಊದಿದರೆ ಸಾಲದು ಎಂಬುದು ಅದರ ಹಿಂದಿನ ಬುದ್ಧಿ. ದಡದಲ್ಲಿದ್ದವರು ಗುಡ್ಡ ಹತ್ತಬೇಕು. ಕಡಲಿನಲ್ಲಿದ್ದವರು ದಡಕ್ಕೆ ಬರಬಾರದು, ಇನ್ನೂ ಆಳಕ್ಕೆ ಹೋಗಬೇಕು. ಆಳದಲ್ಲಿ ಆ ಅಲೆ ದೋಣಿಯ ಕೆಳಗೆ ಹಾದುಹೋದದ್ದೂ ತಿಳಿಯುವುದಿಲ್ಲವಂತೆ. ಹಾಗಾಗಿ ಯಾರಿಗೆ ಏನು ಹೇಳಬೇಕೆಂದು ತಿಳಿಯಲು, ಯಾರು ಎಲ್ಲಿದ್ದಾರೆಂದು ಬಿಲ್ಲೆಗೆ ಗೊತ್ತಿರಬೇಕು.

ತೊಂದರೆ ಆದದ್ದು ಅಲ್ಲಿಯೇ. ಮೀನುಗಾರ ತನ್ನ ಹೆಂಡತಿಗೂ ಹೇಳದ ಮಾತು ಒಂದಿದ್ದರೆ ಅದು ಮೀನು ಸಿಕ್ಕಿದ ಜಾಗ. ಬಿಲ್ಲೆ ಬಂದ ಎರಡನೆಯ ವರ್ಷ, ದೋಣಿಗಳಿರುವ ಜಾಗವನ್ನೆಲ್ಲ ಫೋನಿನಲ್ಲಿ ನೋಡುವ ಉಪಾಯವನ್ನು ಯಾರೋ ಕಂಡುಹಿಡಿದರು. ಒಬ್ಬನಿಗೆ ಒಳ್ಳೆಯ ಮೀನು ಬಿತ್ತೆಂದರೆ ಮರುದಿನ ಅದೇ ಜಾಗಕ್ಕೆ ಇಪ್ಪತ್ತು ದೋಣಿ. ಆಮೇಲೆ ನಮ್ಮವರೂ ಉಪಾಯ ಮಾಡಿದರು. ಅಳಿವೆ ದಾಟಿ ಹದಿನಾರು ಮಾರು ಆಳದ ನೀರಿಗೆ ಹೋಗುವುದು, ಅಲ್ಲಿ ಕಲ್ಲು ಕಟ್ಟಿದ ಥರ್ಮಾಕೋಲ್ ತುಂಡೊಂದನ್ನು ತೇಲಿಬಿಟ್ಟು ಅದರ ಮೇಲೆ ಬಿಲ್ಲೆ ಇಡುವುದು, ತಾವು ಬೇಕಾದಲ್ಲಿಗೆ ಹೋಗಿ ಬರುವಾಗ ಎತ್ತಿಕೊಳ್ಳುವುದು. ಕೇಂದ್ರದ ಪರದೆಯಲ್ಲಿ ಹಳೆಬೆಂಗ್ರೆಯ ದೋಣಿಗಳೆಲ್ಲ ದಿನವೂ ಹದಿನಾರು ಮಾರಿನಲ್ಲಿ ನಿಂತಿರುತ್ತಿದ್ದವು. ಪಾಪ, ಈರಣ್ಣ ಆ ಜಾಗದಲ್ಲಿ ಮೀನುಗಾರಿಕೆ ವಿಪರೀತವಾಗಿದೆ ಎಂದು ಮೇಲಿನವರಿಗೆ ವರದಿ ಬರೆದಿದ್ದ.

ನನ್ನ ಮಗ ರತ್ನಾಕರನೂ ಇದನ್ನೇ ಮಾಡುತ್ತಿದ್ದ. ಅವನ ದೋಣಿ ಜಲದುರ್ಗಾ, ಜೊತೆಗೆ ಮೂರು ಜನ. ಶಿವರಾತ್ರಿ ಕಳೆದ ಮೇಲೆ ಒಂದು ದಿನ ಅವನು ಮುರುಮೀನು ತಂದ, ಮಾರನೆಯ ದಿನ ಕೆಂಬೇರಿ. ಎರಡೂ ಕಲ್ಲಿನ ಸಂದಿಯ ಮೀನು. ಎಲ್ಲಿ ಬಿತ್ತು ಎಂದು ಕೇಳಿದರೆ ಹದಿನಾರು ಮಾರು ಎಂದ. ಹದಿನಾರು ಮಾರಿನ ತಳ ಬರೀ ಕೆಸರು. ಅಲ್ಲಿಯ ಮೀನಿನ ಕಿವಿರು ಬಿಡಿಸಿದರೆ ಬೂದು ಕೆಸರು ಬೆರಳಿಗೆ ಅಂಟುತ್ತದೆ. ಇವನು ತಂದ ಮೀನಿನ ಕಿವಿರು ತೊಳೆದಿಟ್ಟ ಹಾಗಿತ್ತು. ಹೊಟ್ಟೆ ಸೀಳಿದೆ. ಒಳಗೆ ನೇರಳೆ ಬಣ್ಣದ ಮುಳ್ಳಿನ ಚೂರುಗಳಿದ್ದವು.

ಕಡಲ ಮುಳ್ಳುಕಾಯಿ ಎನ್ನುತ್ತೇವೆ, ಕಲ್ಲಿಗೆ ಅಂಟಿಕೊಂಡಿರುವ ಜೀವ. ದಡದ ಹತ್ತಿರದ ಕಲ್ಲುಗಳಲ್ಲಿ ಅದರ ಮುಳ್ಳು ಕಪ್ಪು. ನೇರಳೆ ಮುಳ್ಳನ್ನು ನಾನು ನೋಡಿದ್ದು ಒಂದೇ ಕಾಲದಲ್ಲಿ, ಮೂವತ್ತೆರಡು ವರ್ಷದ ಹಿಂದೆ, ನನ್ನ ಗಂಡ ಗರುಡನಕಲ್ಲಿಗೆ ಹೋಗುತ್ತಿದ್ದಾಗ. ಅದು ನೀರಿನಡಿಯ ಕಲ್ಲು. ಸುತ್ತ ಇಪ್ಪತ್ತೆರಡು ಮಾರು ಆಳ, ಕಲ್ಲಿನ ನೆತ್ತಿಯ ಮೇಲೆ ಮೂರೇ ಮಾರು. ಆಮೇಲೊಂದು ವರ್ಷ ಕಡಲು ಬಿಸಿಯಾಯಿತು. ಕಲ್ಲಿನ ಮೇಲೆ ಬೆಳೆದದ್ದೆಲ್ಲ ಬಿಳಿಚಿಕೊಂಡು ಸತ್ತಿತು, ಮೀನು ಬಿಟ್ಟುಹೋಯಿತು. ಗರುಡನಕಲ್ಲು ಸತ್ತಿತು ಎಂದು ಊರೇ ಕೈಬಿಟ್ಟಿತು. ನನ್ನ ಗಂಡನೂ ಹೋದರು, ಕಲ್ಲಿನ ಹೆಸರು ಹೇಳುವವರೂ ಕಡಿಮೆಯಾದರು.

ಅಂಥ ಕಲ್ಲಿಗೆ ಮತ್ತೆ ಜೀವ ಬಂದಿದೆ. ನನ್ನ ಮಗನಿಗೆ ಅದು ಸಿಕ್ಕಿದೆ. ಮುಳ್ಳಿನ ಚೂರನ್ನು ಅಂಗೈಯಲ್ಲಿಟ್ಟುಕೊಂಡು ಎಷ್ಟೋ ಹೊತ್ತು ಕುಳಿತಿದ್ದೆ. ಯಾರಿಗೂ ಹೇಳಲಿಲ್ಲ. ನಿಜ ಹೇಳಬೇಕೆಂದರೆ ಒಳಗೊಳಗೇ ಖುಷಿಯಾಗಿತ್ತು.

ಹತ್ತನೆಯ ದಿನ ಬೆಳಿಗ್ಗೆ ಒಂಬತ್ತೂ ಇಪ್ಪತ್ತಕ್ಕೆ ಗೋಡೆಯ ಬಿಲ್ಲೆ ಮಾತಾಡಿತು. ನಾನು ಮೆಟ್ಟುಕತ್ತಿಯ ಮುಂದೆ ಕುಳಿತು ಕೇಂದ್ರದ ಊಟಕ್ಕೆಂದು ಮೀನು ಸೋಸಿ ಹಸನು ಮಾಡುತ್ತಿದ್ದೆ. ಸೊಸೆ ವಾರಿಜ ಕಾಯಿ ತುರಿಯುತ್ತಿದ್ದಳು. ಕಡಲಿನ ವಾಯವ್ಯ ಮೂಲೆಯಲ್ಲಿ, ಬಲೂಚಿಸ್ತಾನದ ಕರಾವಳಿಯ ಹತ್ತಿರ ನೆಲ ನಡುಗಿದೆ, ಈಗಲೇ ಏನೂ ಮಾಡಬೇಕಾಗಿಲ್ಲ, ತಿರುಗಿ ಹೇಳುತ್ತೇನೆ ಎಂದಿತು. ವಾರಿಜ ಟಿವಿ ಹಾಕಿದಳು. ಮೊದಲು ನಡುಕದ ಅಳತೆ ಏಳೂವರೆ ಎಂದು ಬರೆದು ಬಂತು. ಅರ್ಧ ಗಳಿಗೆಯಲ್ಲಿ ಅದನ್ನು ಅಳಿಸಿ ಎಂಟು ಎಂದರು. ಆಮೇಲೆ ಎಂಟೂ ಚಿಲ್ಲರೆ. ಅಂಕಿ ಏರಿದ ಹಾಗೆ ಓದುವ ಹುಡುಗಿಯ ದನಿ ಇಳಿಯುತ್ತ ಹೋಯಿತು.

ಆ ಕಡೆಯ ಯಾವುದೋ ಮೀನು ಮಾರುಕಟ್ಟೆಯನ್ನು ತೋರಿಸಿದರು. ಜನ ಗುಡ್ಡದ ದಾರಿ ಹಿಡಿದು ಓಡುತ್ತಿದ್ದರು. ತಲೆಯ ಮೇಲೆ ಬುಟ್ಟಿ ಹೊತ್ತ ಒಬ್ಬಳು ನಡುದಾರಿಯಲ್ಲಿ ನಿಂತು ಕುಕ್ಕಿದಂತೆ ಬುಟ್ಟಿ ಇಳಿಸಿ, ಬಿದ್ದ ಮುದುಕನೊಬ್ಬನನ್ನು ಎತ್ತಿ ಹೆಗಲಿಗೆ ಹಾಕಿಕೊಂಡಳು. ಅವರಿಗೆ ಸಿಕ್ಕಿದ್ದು ಒಂಬತ್ತೇ ನಿಮಿಷವಂತೆ. ಚಿತ್ರ ಅಲ್ಲಿಗೆ ಕಡಿಯಿತು. ಆ ಹೆಂಗಸು ಮೇಲೆ ತಲುಪಿದಳೋ ಇಲ್ಲವೋ ಗೊತ್ತಾಗಲಿಲ್ಲ.

ಹತ್ತಕ್ಕೆ ಬಿಲ್ಲೆ ಎರಡನೆಯ ಸಲ ಮಾತಾಡಿತು. ನೀರು ಬರುತ್ತಿದೆ, ಹನ್ನೆರಡೂವರೆಗೆ ಇಲ್ಲಿ ಮುಟ್ಟುತ್ತದೆ, ಗುಡ್ಡಕ್ಕೆ ನಡೆಯಿರಿ ಎಂದಿತು. ನಾಲ್ಕು ತಿಂಗಳಿಗೊಮ್ಮೆ ಕೇಂದ್ರದವರು ಇದರ ಅಭ್ಯಾಸ ಮಾಡಿಸಿಯೇ ಇದ್ದರು. ಹಾಗಾಗಿ ಕೂಗಾಟ ಇರಲಿಲ್ಲ. ನಡೆಯಲಾಗದವರನ್ನು ಮೊದಲು ಗಾಡಿಯಲ್ಲಿ ಕಳಿಸಿದರು. ಎಲ್ಲರೂ ಕಾಗದಪತ್ರ, ಔಷಧಿ ಹಿಡಿದು ಸೇತುವೆ ದಾಟುತ್ತಿದ್ದರೆ ನಾನು ಮೀನಿನ ಬೋಗುಣಿ ಹೊತ್ತಿದ್ದೆ.

"ಅತ್ತೆ, ಅದ್ ಎಂತಕೆ? ಮೀನ್ ಬಿಟ್ಟ್ ಬನ್ನಿ," ಎಂದಳು ವಾರಿಜ.

ಗುಡ್ಡದ ಮೇಲೆ ಇವತ್ತು ಆರು ಜನರಲ್ಲ, ಇಡೀ ಊರು ಉಣ್ಣಬೇಕು ಎಂದೆ. ಪಕ್ಕದಲ್ಲಿ ಬರುತ್ತಿದ್ದವರು ನಕ್ಕರು. ವಾರಿಜ ನಗಲಿಲ್ಲ. ಅವಳು ಕಡಲಿನ ಕಡೆ ನೋಡುತ್ತ ನಡೆಯುತ್ತಿದ್ದಳು.

ಕೇಂದ್ರದ ಅಡುಗೆಕೋಣೆಗೂ ಯಂತ್ರದ ಕೋಣೆಗೂ ನಡುವೆ ಗಾಜಿನ ಕಿಟಕಿ ಇದೆ. ಒಲೆ ಹಚ್ಚಿ ಅಕ್ಕಿ ಇಟ್ಟು ಕಿಟಕಿಯ ಹತ್ತಿರ ನಿಂತೆ. ದೊಡ್ಡ ಪರದೆಯಲ್ಲಿ ನಮ್ಮೂರಿನ ನಲವತ್ತೊಂದು ದೋಣಿಗಳ ಚುಕ್ಕೆಗಳು. ಬಿಲ್ಲೆಯ ಮಾತು ಕೇಳಿ ಹೆಬ್ಬೆಟ್ಟು ಒತ್ತಿದರೆ ಚುಕ್ಕೆ ಹಸಿರಾಗುತ್ತದೆ. ಬೆರಳೆಣಿಕೆಯಷ್ಟು ಹಸಿರಾಗಿದ್ದವು. ಉಳಿದವರನ್ನು ಈರಣ್ಣ ವಯರ್‌ಲೆಸ್ಸಿನಲ್ಲಿ ಒಬ್ಬೊಬ್ಬರನ್ನಾಗಿ ಕರೆಯುತ್ತಿದ್ದ. ಅವರು ನಾಚಿಕೊಂಡೇ ಉತ್ತರ ಕೊಟ್ಟರು. ಹೌದು ಕೇಳಿದೆ, ಆಳಕ್ಕೆ ಹೋಗುತ್ತಿದ್ದೇವೆ ಎಂದರು. ಎಲ್ಲಿಂದ ಎಂದು ಮಾತ್ರ ಯಾರೂ ಹೇಳಲಿಲ್ಲ. ಒಬ್ಬೊಬ್ಬರದೇ ಹೆಸರು ಹೋಗಿ ಕೊನೆಗೆ ಒಂದು ಉಳಿಯಿತು.

ಈರಣ್ಣ ಎದ್ದು ಕಿಟಕಿಯ ಹತ್ತಿರ ಬಂದ. "ಯವ್ವಾ, ನಿನ್ನ ಮಗ ಬಿಲ್ಲಿ ಒತ್ತವಲ್ಲ. ವಯರ್‌ಲೆಸ್ಸೂ ಬಂದ್ ಐತಿ. ಹದಿನಾರು ಮಾರಿನ್ಯಾಗ ನಿಂತಲ್ಲೇ ನಿಂತಾನ."

ವಯರ್‌ಲೆಸ್ ಬಂದ್ ಮಾಡುವುದೂ, ತೀರ ಒಳ್ಳೆಯ ಜಾಗ ಸಿಕ್ಕವರಿಗೆ, ಆ ಉಪಾಯದ ಭಾಗವೇ. ದನಿ ಎಷ್ಟು ಜೋರಾಗಿ ಕೇಳುತ್ತದೆ ಎಂಬುದರ ಮೇಲೆ ಎಷ್ಟು ದೂರ ಎಂದು ಅಂದಾಜು ಮಾಡುವವರಿದ್ದಾರೆ.

ಕೇಂದ್ರದ ಮುಖ್ಯಸ್ಥೆ ಲವೀನಾ ಮೇಡಂ. ಮಾತು ಕಡಿಮೆ, ಕೆಲಸ ಚುರುಕು. ಅವರ ಬಳಿ ಹಾರುವ ಯಂತ್ರಗಳು ನಾಲ್ಕಿದ್ದವು. ಅವುಗಳನ್ನು ಅಲ್ಲಿ ಹಕ್ಕಿ ಎನ್ನುತ್ತಾರೆ. ನೋಡಲು ಕ್ಯಾಮೆರಾ, ಹೇಳಲು ಧ್ವನಿವರ್ಧಕ, ಕೇಳಲು ಮೈಕು ಅವುಗಳಲ್ಲಿ ಇವೆ. ಎರಡು ನಮ್ಮ ಊರಿನ ಮೇಲೆ ಹಾರಿ ಯಾರಾದರೂ ಉಳಿದಿದ್ದಾರೆಯೇ ಎಂದು ಮನೆಮನೆ ನೋಡುತ್ತಿದ್ದವು. ಮೂರನೆಯದನ್ನು ಜಲದುರ್ಗಾದ ಚುಕ್ಕೆಯ ಕಡೆಗೆ ಕಳಿಸಿದರು. ಆಗಲೂ ನಾನು ಬಾಯಿ ಬಿಡಲಿಲ್ಲ, ಇವತ್ತಾದರೂ ಅವನು ಅಲ್ಲಿಯೇ ಇರಬಹುದು ಎಂಬ ಆಸೆ.

ಹನ್ನೊಂದು ಗಂಟೆ ಹತ್ತು ನಿಮಿಷಕ್ಕೆ ಹಕ್ಕಿ ಅಲ್ಲಿ ತಲುಪಿತು. ದೋಣಿ ಇರಲಿಲ್ಲ. ಬಿಳಿಯ ಥರ್ಮಾಕೋಲ್ ತುಂಡೊಂದು ತೂಗಾಡುತ್ತಿತ್ತು, ಮೇಲೆ ಗಂಟು ಹಾಕಿದ ನೀಲಿ ಪ್ಲಾಸ್ಟಿಕ್ ಚೀಲ. ಹಕ್ಕಿ ಕೆಳಗಿಳಿದಾಗ ಚೀಲದೊಳಗಿನ ದನಿ ನಮಗೆ ಕೇಳಿಸಿತು. ಜಲದುರ್ಗಾದವರೇ, ಪಡುವಕ್ಕೆ ಹೋಗಿ, ದಡಕ್ಕೆ ಬರಬೇಡಿ. ಹೇಳಿದ್ದನ್ನೇ ಹೇಳುತ್ತಿತ್ತು, ಒಂದಿಷ್ಟೂ ಬೇಸರವಿಲ್ಲದೆ.

ನನ್ನ ಬೆನ್ನ ಹಿಂದೆ ವಾರಿಜ ಗೋಡೆ ಹಿಡಿದು ಕುಳಿತುಬಿಟ್ಟಳು.

"ಆ ಚೀಲ ಕಟ್ಟಿ ಕೊಟ್ಟದ್ದ್ ನಾನೇ, ಅತ್ತೆ. ನೀರ್ ಹೊಕ್ಕುದ್ ಬೇಡ ಅಂದೇಳಿ ಎರಡ್ ಗಂಟ್ ಹಾಕಿದೆ."

ರತ್ನಾಕರ ಎಲ್ಲಿಗೆ ಹೋಗುತ್ತಾನೆಂದು ಅವಳಿಗೂ ಗೊತ್ತಿರಲಿಲ್ಲ. ಮಧ್ಯಾಹ್ನ ಊಟದ ಹೊತ್ತಿಗೆ ಅಳಿವೆ ದಾಟಿ ಬರುತ್ತಾನೆ ಎಂಬುದೊಂದು ಗೊತ್ತಿತ್ತು. ಅದನ್ನು ಕೇಳಿ ಲವೀನಾ ಮೇಡಂ ಗಡಿಯಾರ ನೋಡಿದರು. ಹನ್ನೆರಡೂವರೆಗೆ ಅಳಿವೆಯಲ್ಲಿ ಯಾವ ದೋಣಿಯೂ ಉಳಿಯುವುದಿಲ್ಲ ಎಂದರು. ಇನ್ನು ಅವನು ಯಾವುದಾದರೂ ನೀರಿನಡಿಯ ಕಲ್ಲಿನ ಮೇಲೆ ಲಂಗರು ಹಾಕಿದ್ದರೆ ಅದೂ ಅಷ್ಟೇ. ಆಳದಲ್ಲಿ ಮಲಗಿ ಬರುವ ಅಲೆ ಅಂಥ ಜಾಗದಲ್ಲಿ ಎದ್ದು ನಿಲ್ಲುತ್ತದೆ, ನೀರು ಸುಳಿ ತಿರುಗುತ್ತದೆ. ಚಾರ್ಜ್ ತುಂಬಿದ ಹಕ್ಕಿ ಉಳಿದಿರುವುದು ಒಂದೇ. ಒಂದೇ ಕಡೆಗೆ ಕಳಿಸಬಹುದು.

ಯಂತ್ರ ಮೂರು ಜಾಗ ತೋರಿಸಿತು. ಈ ಇಪ್ಪತ್ತು ವರ್ಷಗಳಲ್ಲಿ ದೋಣಿಗಳು ಎಲ್ಲೆಲ್ಲಿ ನಿಂತಿದ್ದವು ಎಂಬ ಲೆಕ್ಕದಿಂದ ಬಂದ ಜಾಗಗಳು ಅವು. ಮೂರೂ ತೆಂಕು ಕಡೆ. ಗರುಡನಕಲ್ಲು ಇರುವುದು ಬಡಗು ಕಡೆ. ಇಪ್ಪತ್ತು ವರ್ಷದಲ್ಲಿ ಅಲ್ಲಿಗೆ ಯಾರೂ ಹೋಗಿಲ್ಲ, ಹಾಗಾಗಿ ಯಂತ್ರದ ಪಾಲಿಗೆ ಅಲ್ಲಿ ಇರುವುದು ಬರೀ ನೀರು.

ನಾನು ಬೋಗುಣಿಯಿಂದ ರತ್ನಾಕರ ನಿನ್ನೆ ತಂದ ಮುರುಮೀನೊಂದನ್ನು ಎತ್ತಿಕೊಂಡೆ. ಅದರ ಹೊಟ್ಟೆ ಇನ್ನೂ ಸೀಳಿರಲಿಲ್ಲ. ಯಂತ್ರದ ಕೋಣೆಗೆ ಹೋಗಿ, ಮೇಜಿನ ಮೇಲಿನ ಕಾಗದದ ಮೇಲೆ ಮೀನು ಇಟ್ಟು ಕತ್ತಿಯಿಂದ ಸೀಳಿದೆ. ಈರಣ್ಣ ಮೂಗು ಮುಚ್ಚಿಕೊಂಡು ಗೋಡೆಗೆ ಅಂಟಿದ. ಹೊಟ್ಟೆಯ ಚೀಲ ಒಡೆದು ಬೆರಳಿನಿಂದ ಹರಡಿದೆ. ಒಂದು ಏಡಿಯ ಕಾಲು, ಒರಟು ಬಿಳಿ ಮರಳು, ಮತ್ತೆ ಐದಾರು ನೇರಳೆ ಚೂರು.

"ಅಂವ ಈಗ ಗರುಡನಕಲ್ಲ್ ಮೇಲಿದ್ದ," ಎಂದೆ.

ಲವೀನಾ ಮೇಡಂ ಚೂರನ್ನು ಬೆಳಕಿಗೆ ಹಿಡಿದು ನೋಡಿದರು. "ಬೇರೆ ಎಲ್ಲಿಯೂ ಈ ಬಣ್ಣದ್ದು ಇಲ್ಲ ಅಂತ ಹೇಗೆ ಹೇಳ್ತೀರಿ, ಮೂಕಾಂಬಮ್ಮ?"

ನಲವತ್ತು ವರ್ಷ ಈ ಕರಾವಳಿಯ ಎಲ್ಲ ಕಲ್ಲಿನ ಮೀನನ್ನೂ ಸೋಸಿದ್ದೇನೆ, ಬೇರೆ ಎಲ್ಲಿಯೂ ಕಂಡಿಲ್ಲ ಎಂದೆ. ತಪ್ಪಿರಬಹುದೇ ಎಂದು ಕೇಳಿದರು. ಇರಬಹುದು ಎಂದೆ. ಸುಳ್ಳು ಹೇಳುವ ಹೊತ್ತು ಅದಾಗಿರಲಿಲ್ಲ. ಒಂಬತ್ತು ದಿನದಿಂದ ಗೊತ್ತಿದ್ದೂ ಹೇಳಲಿಲ್ಲ ಎಂಬುದನ್ನೂ ಹೇಳಿದೆ. ಅವರು ಕಲ್ಲು ಎಲ್ಲಿದೆ ತೋರಿಸಿ ಎಂದು ನಕ್ಷೆಯ ಕಡೆ ತಿರುಗಿದರು.

ಆ ಕಲ್ಲನ್ನು ನಾನು ಒಂದು ದಿನವೂ ಕಂಡವಳಲ್ಲ. ನಮ್ಮಲ್ಲಿ ಹೆಂಗಸರು ದೋಣಿ ಹತ್ತುವುದಿಲ್ಲ. ನಕ್ಷೆ ಓದಲೂ ಬಾರದು. ನನ್ನ ಹತ್ತಿರ ಇದ್ದದ್ದು ಗಂಡ ಊಟಕ್ಕೆ ಕುಳಿತಾಗ ಹೇಳುತ್ತಿದ್ದ ಗುರುತು ಮಾತ್ರ. ಕೊಡಚಾದ್ರಿಯ ನೆತ್ತಿ, ದೋಣಿಗಳಿಗೆ ದಾರಿ ತೋರುವ ದೀಪದ ಕಂಬದ ಹಿಂದೆ ಸರಿಯಾಗಿ ಬಂದು ಕೂರಬೇಕು. ಬಡಗಿನಲ್ಲಿ ಹಂದಿಕುರುವೆ ದ್ವೀಪದ ತೆಂಕು ಮೂಗು, ಅದರ ಹಿಂದಿನ ಗುಡ್ಡದ ತಗ್ಗಿಗೆ ಸೇರಬೇಕು. ಎರಡೂ ಒಟ್ಟಿಗೆ ಆದಲ್ಲಿ ಲಂಗರು.

ಈರಣ್ಣ ಕೇಳುತ್ತ ಕೇಳುತ್ತ ಗೋಡೆ ಬಿಟ್ಟು ಬಂದ. ಮೀನಿನ ವಾಸನೆ ಮರೆತೇಹೋಗಿತ್ತು. ಪರದೆಯ ಮೇಲೆ ಕೊಡಚಾದ್ರಿಯಿಂದ ದೀಪದ ಕಂಬಕ್ಕೆ ಒಂದು ಗೆರೆ ಎಳೆದು ಕಡಲಿನವರೆಗೆ ಚಾಚಿದ. ಗುಡ್ಡದ ತಗ್ಗಿನಿಂದ ದ್ವೀಪದ ಮೂಗಿಗೆ ಇನ್ನೊಂದು. ಎರಡೂ ಗೆರೆ ಕೂಡಿದಲ್ಲಿ ಬೆರಳಿಟ್ಟ.

"ಇಲ್ಲಿ ಐತಿ ನೋಡ್ರಿ ಮೇಡಂ. ಇಪ್ಪತ್ತೆರಡು ಮಾರು ಆಳ ಐತಿ, ಆದ್ರ ಕಲ್ಲು ಮಾತ್ರ ಕಾಣವಲ್ದು."

ನನಗೆ ಎಲ್ಲಿಯೋ ತಪ್ಪಿದ ಹಾಗೆ ಅನ್ನಿಸಿತು. ಕಣ್ಣು ಮುಚ್ಚಿ ಗಂಡನ ಮಾತನ್ನು ಮತ್ತೆ ಕೇಳಿಸಿಕೊಂಡೆ. ಆಗ ಹೊಳೆಯಿತು. ಈಗಿನ ದೀಪದ ಕಂಬ ಆಮೇಲೆ ಕಟ್ಟಿದ್ದು. ಹಳೆಯ ಕಂಬ ಬಡಗಿಗೆ ಅರ್ಧ ಮೈಲಿಯಲ್ಲಿತ್ತು, ಈಗ ಮಂಜುಗಡ್ಡೆ ಕಾರ್ಖಾನೆ ಇದೆಯಲ್ಲ, ಅದರ ಹಿಂದೆ. ಬುಡದ ಕಲ್ಲು ಈಗಲೂ ಇದೆ. ಅದನ್ನು ಹೇಳಿದೆ. ಈರಣ್ಣ ಗೆರೆ ಸರಿಸಿದ. ಎರಡು ಗೆರೆ ಕೂಡುವ ಜಾಗ ಒಂದು ಮೈಲಿಯಷ್ಟು ಜರುಗಿತು. ಅಲ್ಲಿಯೂ ನಕ್ಷೆಯಲ್ಲಿ ಕಲ್ಲಿನ ಗುರುತಿರಲಿಲ್ಲ.

ಅವನು ನೂಲಿನ ಹಳೆಯ ದಾಖಲೆ ತೆಗೆದು ಆ ಜಾಗದ ಹತ್ತಿರ ಏನಾದರೂ ಕೇಳಿದೆಯೇ ಎಂದು ಹುಡುಕಿದ. ಅಲ್ಲಿಂದ ಮೂರು ಮೈಲಿ ಆಚೆ ನೂಲು ಹಾದುಹೋಗುತ್ತದೆ. ಆ ಭಾಗದಲ್ಲಿ ಎಂಟು ತಿಂಗಳಿಂದ ಒಂದು ಸಣ್ಣ ಚಟಪಟ ಸದ್ದು ಬರುತ್ತಿತ್ತು, ಬಿಸಿ ಎಣ್ಣೆಗೆ ಸಾಸಿವೆ ಹಾಕಿದ ಹಾಗೆ. ಯಂತ್ರ ಅದನ್ನು ಬೇಡದ ಗದ್ದಲವೆಂದು ತೆಗೆದುಹಾಕಿತ್ತು. ಲವೀನಾ ಮೇಡಂ ಕೇಳಿ ನೋಡಿದರು. ಜೀವ ಇರುವ ಕಲ್ಲು ಹೀಗೆ ಸದ್ದು ಮಾಡುತ್ತದೆ, ಇದು ಸೀಗಡಿಗಳ ಸದ್ದು ಎಂದು ಮೆಲ್ಲಗೆ ಹೇಳಿದರು. ಆಮೇಲೆ ಹಕ್ಕಿಯನ್ನು ಬಿಡಲು ಹೇಳಿದರು. ಹೋದರೆ ತಿರುಗಿ ಬರುವಷ್ಟು ಚಾರ್ಜ್ ಅದರಲ್ಲಿ ಇರುವುದಿಲ್ಲ, ಪರವಾಗಿಲ್ಲ ಎಂದರು.

ಹಕ್ಕಿ ಹಾರಿದ್ದು ಹನ್ನೊಂದು ಮುಕ್ಕಾಲಿಗೆ. ಇಪ್ಪತ್ತು ನಿಮಿಷ ಪರದೆಯ ಮೇಲೆ ನೀರು ಮತ್ತು ಮಬ್ಬು. ವಾರಿಜ ನನ್ನ ಸೆರಗಿನ ತುದಿಯನ್ನು ಹಿಡಿದುಕೊಂಡಿದ್ದಳು. ಅನ್ನ ಬೆಂದು ಹಂಡೆಯ ಮುಚ್ಚಳ ಕುಣಿಯುವ ಸದ್ದು ಅಡುಗೆಕೋಣೆಯಿಂದ ಬರುತ್ತಿತ್ತು. ಯಾರೋ ಹೋಗಿ ಒಲೆ ಆರಿಸಿದರು. ಆಮೇಲೆ ಮಬ್ಬಿನೊಳಗೆ ಒಂದು ಕಪ್ಪು ಗೀಟು. ಗೀಟು ದೋಣಿಯಾಯಿತು. ದೋಣಿಯಲ್ಲಿ ನಾಲ್ಕು ಜನ ಗಾಳ ಹಿಡಿದು ಕುಳಿತಿದ್ದರು.

ಹಕ್ಕಿ ಕೇಂದ್ರದ ದನಿಯಲ್ಲಿ ಎಚ್ಚರಿಕೆ ಹೇಳಿತು. ಅವರು ತಲೆ ಎತ್ತಿ ನೋಡಿದರು. ನೋಡಿದವರೇ ಗಡಬಡಿಸಿ ಟಾರ್ಪಾಲು ಎಳೆದು ಮೀನು ಮುಚ್ಚಿದರು. ರತ್ನಾಕರ ಟವೆಲು ಬೀಸಿ ಹಕ್ಕಿಯನ್ನು ಓಡಿಸತೊಡಗಿದ.

ಲವೀನಾ ಮೇಡಂಗೆ ಅರ್ಥವಾಗಲಿಲ್ಲ. ನನಗೆ ಆಯಿತು. ಹಿಂದಿನ ವರ್ಷ ಯಾರೋ ಇಂಥದೇ ಹಕ್ಕಿ ಹಾರಿಸಿ, ಬಿರುಗಾಳಿ ಬರುತ್ತಿದೆ ಎಂದು ಸರಕಾರದ ದನಿಯಲ್ಲಿ ಹೇಳಿಸಿ, ಹತ್ತು ದೋಣಿಗಳನ್ನು ದಡಕ್ಕೆ ಓಡಿಸಿ, ಆ ಜಾಗದ ಮೀನನ್ನೆಲ್ಲ ಬಾಚಿಕೊಂಡು ಹೋಗಿದ್ದರು. ಮೋಸ ಹೋದವರಲ್ಲಿ ನನ್ನ ಮಗನೂ ಒಬ್ಬ. ಈಗ ಹಕ್ಕಿ ಏನು ಹೇಳಿದರೂ ಅವನು ನಂಬುವುದಿಲ್ಲ.

ನಾನು ಹೇಳುತ್ತೇನೆ ಎಂದೆ. ಈರಣ್ಣ ಮೈಕನ್ನು ನನ್ನ ಬಾಯಿಯ ಹತ್ತಿರ ತಂದಿಟ್ಟ.

"ರತ್ನಾ, ನಾನ್ ಅಬ್ಬಿ."

ಟವೆಲು ನಿಂತಿತು.

"ನೀ ಗರುಡನಕಲ್ಲ್ ಮೇಲಿದ್ದೆ, ನಂಗ್ ಗೊತ್ತಿತ್ತ್. ಮೀನಿನ ಹೊಟ್ಟಿ ಕಂಡ್ಕಂಡೇ ಗೊತ್ತಾಯ್ತ್. ನಿನ್ ಅಪ್ಪನೂ ಅಲ್ಲೇ ಲಂಗರ್ ಹಾಕ್ತಿದ್ರ್. ಆ ಕಲ್ಲ್ ಯಾರ್ ತಕಂಡ್ರೂ ಅಡ್ಡಿಲ್ಲ. ಕಡಲ್ ಎದ್ದಿತ್ತ್, ಮಗಾ. ಇನ್ ಅರ್ಧ ಗಂಟೆಗ್ ಬತ್ತ್. ಲಂಗರ್ ಎಳೂಕೆ ಹೋಗ್ಬೇಡ, ಹಗ್ಗ ಕಡಿ. ಪಡುವಕ್ಕೆ ಹೋಗ್. ಮೂವತ್ತೈದ್ ಮಾರ್ ಆಳ ಸಿಕ್ಕು ವರಿಗೆ ನಿಲ್ಲಬೇಡ. ಮನಿ ಬದಿಗ್ ಬರ್ಬೇಡ."

ಮನೆಗೆ ಬರಬೇಡ ಎಂದು ಮಗನಿಗೆ ನಾನು ಹೇಳಿದ್ದು ಬದುಕಿನಲ್ಲಿ ಅದೊಂದೇ ಸಲ.

ಅವನು ಟವೆಲು ಹೆಗಲಿಗೆ ಹಾಕಿಕೊಂಡ. ಆಮೇಲೆ ಬಗ್ಗಿ ಕತ್ತಿ ತೆಗೆದುಕೊಂಡ. ಹಗ್ಗ ಕಡಿದದ್ದು ಕಂಡಿತು, ಮೋಟರು ಹೊಗೆ ಕಾರಿದ್ದು ಕಂಡಿತು, ದೋಣಿಯ ಮೂಗು ಪಡುವಕ್ಕೆ ತಿರುಗಿದ್ದೂ ಕಂಡಿತು. ಹಕ್ಕಿ ಅವರ ಹಿಂದೆಯೇ ಸ್ವಲ್ಪ ದೂರ ಹಾರಿತು. ಹನ್ನೆರಡೂ ಹದಿನೆಂಟಕ್ಕೆ ಪರದೆ ಕಪ್ಪಾಯಿತು. ಅಲ್ಲಿಂದ ಮುಂದೆ ನಮಗೆ ಏನೂ ಗೊತ್ತಿಲ್ಲ.

ಹನ್ನೆರಡೂವರೆಗೆ ಊರಿನವರೆಲ್ಲ ಗುಡ್ಡದ ಅಂಚಿನಲ್ಲಿ ನಿಂತಿದ್ದೆವು. ಮೊದಲು ಅಳಿವೆ ಬರಿದಾಯಿತು. ನಾನು ಹುಟ್ಟಿದಂದಿನಿಂದ ಕಾಣದ ನೆಲ ಬಿಸಿಲಿಗೆ ಬಂತು. ಆಮೇಲೆ ಕಡಲು ಏರಿತು. ಗೋಡೆಯ ಹಾಗೆ ಎದ್ದು ಬರುತ್ತದೆಂದು ನಾನು ಅಂದುಕೊಂಡಿದ್ದೆ. ಹಾಗಲ್ಲ. ಹಾಲು ಉಕ್ಕಿದ ಹಾಗೆ, ನಿಲ್ಲಿಸುವವರಿಲ್ಲದೆ ಉಕ್ಕಿತು. ಪಡು ಸಾಲಿನ ಮನೆಗಳನ್ನು ದಾಟಿ, ರಸ್ತೆ ದಾಟಿ ಹೊಳೆಗೆ ಸೇರಿತು. ಸ್ವಲ್ಪ ಹೊತ್ತು ಊರು ಎಂಬುದು ಬರೀ ತೆಂಗಿನ ತಲೆಗಳ ಸಾಲು. ನೀರು ಇಳಿದಾಗ ಮೂವತ್ತೆಂಟು ಮನೆ ಇರಲಿಲ್ಲ. ನಮ್ಮದರ ಅಡುಗೆಮನೆ ಗೋಡೆ ಹೋಗಿತ್ತು. ಕೆಲವರು ಅತ್ತರು. ಆದರೆ ಗುಡ್ಡದ ಮೇಲೆ ಸಾಲಾಗಿ ನಿಲ್ಲಿಸಿ ಎರಡು ಸಲ ಎಣಿಸಿದರು. ಎರಡು ಸಲವೂ ದಡದವರ ಲೆಕ್ಕ ಪೂರ್ತಿ ಬಂತು.

ನಾನು ಒಳಗೆ ಹೋಗಿ ಸಾರಿಗೆ ಉಪ್ಪು ಹಾಕಿದೆ. ಎಲ್ಲರಿಗೂ ಬಡಿಸಿದೆವು. ಟಿವಿಯಲ್ಲಿ ಆ ಕಡೆಯ ಊರಿನ ಸುದ್ದಿ ಬರುತ್ತಿತ್ತು. ಬಂದರು ಪೂರ್ತಿ ಹೋಗಿದೆ, ಸತ್ತವರ ಲೆಕ್ಕ ಸಿಕ್ಕಿಲ್ಲ, ಆದರೆ ಆ ಮೀನು ಮಾರುಕಟ್ಟೆಯವರು ಬಹಳ ಜನ ಗುಡ್ಡದ ಮಸೀದಿಯಲ್ಲಿ ಬದುಕಿದ್ದಾರೆ ಎಂದರು. ಮಸೀದಿಯ ಮೆಟ್ಟಿಲ ಮೇಲೆ ಕುಳಿತ ಹೆಂಗಸರ ಸಾಲಿನಲ್ಲಿ ನಾನು ಒಂದು ಮುಖ ಹುಡುಕಿದೆ. ಚಿತ್ರ ಬೇಗ ಸರಿದುಹೋಯಿತು.

ಎರಡು ಗಂಟೆಗೆ ಲವೀನಾ ಮೇಡಂ ವಯರ್‌ಲೆಸ್ ಹಿಡಿದರು. ಇನ್ನೂ ಎರಡು ಮೂರು ಅಲೆ ಬರುವುದಿದೆ, ಅಳಿವೆಯ ಬಾಯಿ ಕೆಟ್ಟಿದೆ, ನಾಳೆ ಬೆಳಗಿನವರೆಗೆ ಯಾರೂ ದಡಕ್ಕೆ ಬರುವ ಹಾಗಿಲ್ಲ ಎಂದು ದೋಣಿಗಳಿಗೆಲ್ಲ ತಿಳಿಸಿದರು. ಆಮೇಲೆ ಹೇಳಿದರು.

"ಬಿಲ್ಲೆ ಎಲ್ಲಿದೆ ಅಂತ ನನಗೆ ಗೊತ್ತಿದೆ. ನೀವು ಎಲ್ಲಿದ್ದೀರಿ ಅಂತ ಗೊತ್ತಿಲ್ಲ. ನಿಮ್ಮ ಜಾಗ ಎಲ್ಲರ ಫೋನಿಗೂ ಹೋಗುವ ಹಾಗೆ ಬಿಟ್ಟದ್ದು ನಮ್ಮ ತಪ್ಪು. ಇನ್ನು ಮುಂದೆ ನೆಲ ನಡುಗಿದ ದಿನ ಬಿಟ್ಟು ಬೇರೆ ದಿನ ಅದನ್ನು ನಾನೂ ನೋಡುವುದಿಲ್ಲ, ಹಾಗೆ ಮಾಡಿಸ್ತೇನೆ. ಆದರೆ ಇವತ್ತು ಒಂದು ದಿನ ನಿಜ ಹೇಳಿ."

ವಯರ್‌ಲೆಸ್ಸಿನಲ್ಲಿ ಗೊರಗೊರ ಶುರುವಾಯಿತು. ಅದರೊಳಗಿಂದ ನಮ್ಮ ಕೇರಿಯ ಮಂಜಣ್ಣನ ದನಿ ಬಂತು. ಅರವತ್ತು ದಾಟಿದ ಜಿಗುಟು ಮನುಷ್ಯ, ಪಕ್ಕದ ಮನೆಯವರಿಗೂ ತಾನು ಊಟ ಮಾಡಿದೆನೋ ಇಲ್ಲವೋ ಎಂದು ಹೇಳುವವನಲ್ಲ. ಕಾಗೆಕಲ್ಲಿನಿಂದ ಪಡುವಕ್ಕೆ ಐದು ಮೈಲಿ ಎಂದ. ಅವನ ಹಿಂದೆಯೇ ಇನ್ನೊಬ್ಬ, ಎಮ್ಮೆಗುಂಡಿಯ ತೆಂಕು ಅಂಚು ಎಂದ. ಮತ್ತೊಬ್ಬ ಅಕ್ಕತಂಗಿ ಕಲ್ಲು ಎಂದ. ಅಪ್ಪಂದಿರು ಸಾಯುವ ಮುಂಚೆ ಮಕ್ಕಳ ಕಿವಿಯಲ್ಲಿ ಹೇಳುವಂಥ ಹೆಸರುಗಳು ಒಂದಾದ ಮೇಲೊಂದು ಎಲ್ಲರೂ ಕೇಳುವ ಹಾಗೆ ಬಂದವು. ನನ್ನ ಎಪ್ಪತ್ತನಾಲ್ಕು ವರ್ಷದಲ್ಲಿ ಹಳೆಬೆಂಗ್ರೆಯ ಗಂಡಸರೆಲ್ಲ ಒಂದೇ ದಿನ ನಿಜ ಹೇಳಿದ್ದು ನಾನು ಕೇಳಿರಲಿಲ್ಲ.

ಈರಣ್ಣನ ನಕ್ಷೆಯಲ್ಲಿ ಒಂದು ಹೆಸರೂ ಇರಲಿಲ್ಲ. ಅವನು ಗೋಡೆಯ ಬಿಳಿ ಹಲಗೆಯ ಮೇಲೆ ಬರೆಯುತ್ತ ಹೋದ. ಯಾವುದು ಎಲ್ಲಿ ಎಂದು ನನಗೆ ಗೊತ್ತಿದ್ದಷ್ಟು ಗುರುತು ಹೇಳಿದೆ. ಒಂದೊಂದು ದೋಣಿಗೂ ಎಲ್ಲಿ ನಿಲ್ಲಬೇಕು ಎಂದು ಮೇಡಂ ಹೇಳಿದರು. ಮೂರೂವರೆಗೆ ನಲವತ್ತು ಹೆಸರಾಯಿತು.

"ಯವ್ವಾ, ಇನ್ನ ಒಂದು ಉಳದೈತಿ," ಎಂದ ಈರಣ್ಣ, ನನ್ನ ಮುಖ ನೋಡದೆ.

ಲವೀನಾ ಮೇಡಂ ಜಲದುರ್ಗಾ ಎಂದು ಕರೆದರು. ಮತ್ತೆ ಕರೆದರು. ವಾರಿಜ ಬಾಗಿಲಲ್ಲಿ ನಿಂತಿದ್ದಳು, ಒಳಗೆ ಬರಲಿಲ್ಲ. ನಾಲ್ಕನೆಯ ಸಲ ಕರೆದಾಗ ಗೊರಗೊರದ ನಡುವೆ ಒಂದು ಕೆಮ್ಮು ಕೇಳಿಸಿತು. ಆ ಕೆಮ್ಮು ನನಗೆ ಸಾಕಾಗಿತ್ತು.

ವಯರ್‌ಲೆಸ್ಸಿನ ವಯರು ಅವನೇ ಬಿಚ್ಚಿ ಮನೆಯಲ್ಲಿಟ್ಟಿದ್ದನಂತೆ. ಮೋಟರಿನಿಂದ ಬೇರೆ ವಯರು ಕಿತ್ತು ಜೋಡಿಸಲು ಇಷ್ಟು ಹೊತ್ತಾಯಿತು ಎಂದ. ನಾಲ್ಕು ಜನರೂ ಚೆನ್ನಾಗಿದ್ದೇವೆ ಎಂದ. ಆಮೇಲೆ ಯಾರೂ ಕೇಳುವ ಮೊದಲೇ, ಒಂದೊಂದು ಮಾತನ್ನೂ ಬಿಡಿಸಿ ಹೇಳಿದ: ಗರುಡನಕಲ್ಲಿನಿಂದ ಪಡುವಕ್ಕೆ ನಾಲ್ಕು ಮೈಲಿ, ಮೂವತ್ತೈದು ಮಾರು.

ಕಡಲಿನ ಯಾವುದೋ ಮೂಲೆಯಿಂದ ಮಂಜಣ್ಣನ ದನಿ ನಡುವೆ ಬಂತು. "ಆ ಕಲ್ಲ್ ಸತ್ ಮೂವತ್ ವರ್ಷ ಆಯ್ತಲ್ಲ, ಮಾರಾಯ."

"ಇಲ್ಲೆ, ಮಂಜಣ್ಣ. ಈಗ ಬದ್ಕಿತ್ತ್," ಎಂದ ರತ್ನಾಕರ. "ಕಡಲ್ ತಣ್ಣಗಾದ್ಮೇಲೆ ಎಲ್ಲರೂ ಬಂದ್ ಕಾಣಿ."

ವಾರಿಜ ಒಳಗೆ ಬಂದು ನನ್ನ ಪಕ್ಕದಲ್ಲಿ ಕುಳಿತಳು. ಈರಣ್ಣ ನಲವತ್ತೊಂದನೆಯ ಹೆಸರನ್ನು ದೊಡ್ಡ ಅಕ್ಷರದಲ್ಲಿ ಬರೆದು, ಸರಿಯಾಗಿದೆಯೇ ಎಂದು ನನ್ನ ಕಡೆ ತಿರುಗಿದ. ನನಗೆ ಅಷ್ಟು ಓದಲು ಬರುವುದಿಲ್ಲ. ಸರಿಯಾಗಿದೆ ಎಂದೆ.